ಸೀಳು ತುಟಿಯ ಮಕ್ಕಳ ಹಲ್ಲು: ಬದಿಯ ಬಾಚಿಹಲ್ಲಿನಿಂದ ಶುರು ಮಾಡೋಣ

ಈ ಪಾಠದಲ್ಲಿ ತೊಂದರೆಗಳ ಪಟ್ಟಿ ಉದ್ದವಿದೆ. ಸುಮ್ನೆ ಬಾಯಿಪಾಠ ಮಾಡಬೇಡಿ. ಮೇಲಿನ ಸಾಲಿನಲ್ಲಿ ನಡುವಿನಿಂದ ಎರಡನೆಯದಾದ ಬದಿಯ ಬಾಚಿಹಲ್ಲು ಎಲ್ಲಿ ಹುಟ್ಟುತ್ತದೆ ಎಂದು ತಿಳಿದರೆ ಅರ್ಧ ಪಾಠ ಮುಗಿದಂತೆ.

ಗರ್ಭದ 4ರಿಂದ 7ನೇ ವಾರದೊಳಗೆ ಮೂಗಿನ ಕಡೆಯ ಭಾಗವೂ ಮೇಲ್ದವಡೆಯ ಭಾಗವೂ ಕೂಡಿ ಮೇಲ್ದುಟಿ ಆಗುತ್ತದೆ. ಕೂಡದಿದ್ದರೆ ಸೀಳು. ಹಲ್ಲಿನ ಮೊಳಕೆ ಶುರುವಾಗುವುದೂ ಸುಮಾರು 6ನೇ ವಾರಕ್ಕೇ. ಬದಿಯ ಬಾಚಿಹಲ್ಲಿನ ಜಾಗ ಈ ಕೂಡುವ ಗೆರೆಯ ಮೇಲೇ ಬರುತ್ತದೆ. ಹಾಗಾಗಿ ಪೆಟ್ಟು ಅದಕ್ಕೇ ಜಾಸ್ತಿ. ಆ ಹಲ್ಲು ಇಲ್ಲದೇ ಹೋಗಬಹುದು, ಗೂಟದ ಹಾಗೆ ಸಣ್ಣದಾಗಿ ಬರಬಹುದು, ಪಕ್ಕದಲ್ಲಿ ಇನ್ನೊಂದು ಹೆಚ್ಚುವರಿ ಹಲ್ಲೂ ಇರಬಹುದು. ಹಾಲುಹಲ್ಲಿನಲ್ಲಿ ಹೆಚ್ಚುವರಿ ಹಲ್ಲು ಜಾಸ್ತಿ, ಶಾಶ್ವತ ಹಲ್ಲಿನಲ್ಲಿ ಹಲ್ಲೇ ಇಲ್ಲದಿರುವುದು ಜಾಸ್ತಿ. ಸೀಳು ಅಂಗುಳದಲ್ಲಿ ಮಾತ್ರ ಇದ್ದು ವಸಡು ಸರಿಯಾಗಿ ಕೂಡಿದ್ದರೆ ಈ ಹಲ್ಲಿಗೆ ಅಷ್ಟು ತೊಂದರೆಯಿಲ್ಲ.

ಪಕ್ಕದ ನಡುಬಾಚಿಹಲ್ಲನ್ನೂ ನೋಡಿ. ಅದು ಹೆಚ್ಚಾಗಿ ಸೀಳಿನ ಕಡೆ ತಿರುಗಿ ನಿಂತಿರುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ತೆಳುವಾಗಿ ಬಿಳಿ ಅಥವಾ ಕಂದು ಕಲೆ ಕಾಣಬಹುದು.

ಸೀಳಿನಿಂದ ದೂರವಿರುವ ಎರಡನೇ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದೆ ಬರುವ ಎರಡು ಸಣ್ಣ ದವಡೆಹಲ್ಲುಗಳಲ್ಲಿ ಹಿಂದಿನದು) ಕೂಡ ಕೆಲವರಲ್ಲಿ ಇರುವುದಿಲ್ಲ. ಇದಕ್ಕೆ ಜಾಗದ ಕಾರಣ ಸಾಲದು, ಅಲ್ವಾ? ಎಂಎಸ್‌ಎಕ್ಸ್‌1 ಎಂಬ ಜೀನ್‌ಗೆ ಸೀಳಿನ ಜೊತೆಗೂ ಹಲ್ಲು ಮೂಡದಿರುವುದರ ಜೊತೆಗೂ ನಂಟಿದೆ.

ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುವ ಕ್ರಾಸ್‌ಬೈಟ್‌ನ ಕಥೆ ಬೇರೆ. ಅಂಗುಳದ ಆಪರೇಷನ್ ಮಾಡಿದ ಗಾಯದ ಗುರುತು ಬಿಗಿಯಾಗಿ, ಮೇಲ್ದವಡೆ ಅಗಲವಾಗಿ ಬೆಳೆಯಲು ಬಿಡುವುದಿಲ್ಲ. ಇದನ್ನು ಹುಟ್ಟಿನ ತೊಂದರೆಗಳ ಜೊತೆ ಸೇರಿಸಬೇಡಿ.

ನನಗೆ ಈ ಪಾಠದಲ್ಲಿ ತುಂಬಾ ಮುಖ್ಯ ಅನ್ನಿಸುವುದು ಕೋರೆಹಲ್ಲು. ಸೀಳಿದ ಕಡೆ ಮೂಳೆಯೇ ಇಲ್ಲದಿದ್ದರೆ ಅದು ಇಳಿಯುವುದಾದರೂ ಎಲ್ಲಿಂದ? ಅದಕ್ಕೇ ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಕೋರೆಹಲ್ಲಿನ ಬೇರು ಅರ್ಧದಿಂದ ಮುಕ್ಕಾಲಿನೊಳಗೆ ಬೆಳೆದಿರುವಾಗ, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಅಲ್ಲಿ ತುಂಬುತ್ತಾರೆ. ಬಾಯ್ನ್ ಮತ್ತು ಸ್ಯಾಂಡ್ಸ್ ಎಂಬ ಇಬ್ಬರು ಸಂಶೋಧಕರು 1972ರಲ್ಲಿ ಈ ವಿಧಾನವನ್ನು ವಿವರಿಸಿದರು. ಆಮೇಲೆ ಕೋರೆಹಲ್ಲು ಆ ಹೊಸ ಮೂಳೆಯ ಮೂಲಕವೇ ಇಳಿಯಬಲ್ಲದು. ವಯಸ್ಸಿಗಿಂತ ಎಕ್ಸ್‌ರೇಯಲ್ಲಿ ಬೇರನ್ನು ನೋಡಿ ತೀರ್ಮಾನಿಸುವುದು ಮೇಲು.

ಇಷ್ಟಾದರೂ ಹುಳುಕು ಹಿಡಿದರೆ ಕೆಲಸ ಕೆಡುತ್ತದೆ. ತಿರುಗಿದ ಹಲ್ಲುಗಳ ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆ, ಆಪರೇಷನ್ ಆದ ತುಟಿ ಬಿಗಿಯಾಗಿರುತ್ತದೆ, ನೋವಾದೀತೆಂದು ಅಪ್ಪ ಅಮ್ಮ ಅಲ್ಲಿ ಬ್ರಷ್ ಹಾಕಲು ಹೆದರುತ್ತಾರೆ. ತುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಚಿಕ್ಕ ತಲೆಯ ಮೆದು ಬ್ರಷ್‌ನಿಂದ ಸೀಳಿನ ಪಕ್ಕದ ಹಲ್ಲನ್ನು ಹೇಗೆ ಉಜ್ಜಬೇಕು ಎಂದು ಅವರ ಕೈಯಲ್ಲೇ ಮಾಡಿಸಿ ತೋರಿಸಿ.