ಟಿವಿ ಮುಂದಿನ ಕನ್ಸೋಲ್ ಬಿಟ್ಟು ಕೈ ಯಾಕೆ ಹ್ಯಾಂಡ್‌ಹೆಲ್ಡ್ ಕಡೆಗೇ ಹೋಗುತ್ತದೆ?

ಪ್ರಶ್ನೆ: ಮನೆಯಲ್ಲಿ ಟಿವಿಗೆ ಜೋಡಿಸಿದ ಗೇಮ್ ಕನ್ಸೋಲ್ ಇದೆ. ಚಿತ್ರ ಚೆನ್ನಾಗಿದೆ, ಸದ್ದು ಚೆನ್ನಾಗಿದೆ, ವೇಗವೂ ಜಾಸ್ತಿ. ಆದರೂ ನಾನು ಆಡುವುದೆಲ್ಲ ಕೈಯಲ್ಲಿ ಹಿಡಿಯುವ ಪುಟ್ಟ ಹ್ಯಾಂಡ್‌ಹೆಲ್ಡ್‌ನಲ್ಲೇ. ಕನ್ಸೋಲ್ ಮೇಲೆ ಧೂಳು ಕೂತಿದೆ. ಇದು ಬರೀ ಅಭ್ಯಾಸವೋ, ಇಲ್ಲ ಹ್ಯಾಂಡ್‌ಹೆಲ್ಡ್‌ನಲ್ಲಿ ನಿಜಕ್ಕೂ ಏನಾದರೂ ಹೆಚ್ಚುಗಾರಿಕೆ ಇದೆಯೋ? ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಯಾವುದು?

ಉತ್ತರ: ಸುಮ್ನೆ ಅಭ್ಯಾಸ ಅಂತ ತಳ್ಳಿಹಾಕಬೇಡಿ. ನಿಮ್ಮ ಕೈ ಸರಿಯಾದ ಕಾರಣಕ್ಕೇ ಅದನ್ನು ಹುಡುಕುತ್ತಿದೆ. ಹ್ಯಾಂಡ್‌ಹೆಲ್ಡ್ ಅಂದರೆ ಎಲ್ಲಿ ಬೇಕಾದರೂ ಆಡಬಹುದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಇನ್ನೊಂದಿದೆ. ಅದರಲ್ಲಿ ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಅಮ್ಮನಿಗೆ ಹುಷಾರಿಲ್ಲದೆ ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಜೊತೆಗಿರುವ ಸರದಿ ನನ್ನದು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಪರದೆಯ ಬೆಳಕು ಪೂರ್ತಿ ತಗ್ಗಿಸಿ, ಸದ್ದು ಬಂದ್ ಮಾಡಿ ಆಡುತ್ತಿದ್ದೆ. ಆಟದ ಹುಡುಗ ಒಂದು ಕೋಟೆಯ ಕಲ್ಲುಮೆಟ್ಟಿಲು ಹತ್ತುತ್ತಿದ್ದ. ಅಷ್ಟರಲ್ಲಿ ಅಮ್ಮ ಕೆಮ್ಮಿದಳು. ತೋರುಬೆರಳು ತಾನಾಗಿಯೇ ಮೇಲಿನ ಗುಂಡಿ ಒತ್ತಿತು, ಪರದೆ ಕಪ್ಪಾಯಿತು. ಎದ್ದು ನೀರು ಕುಡಿಸಿದೆ. ದಿಂಬು ಸರಿ ಮಾಡಿದೆ. ಡ್ರಿಪ್ ಮುಗಿಯುತ್ತಾ ಬಂದಿದೆ ಅಂತ ನರ್ಸ್ ಅನ್ನು ಕರೆದೆ. ಮತ್ತೆ ಅದನ್ನು ಕೈಗೆತ್ತಿಕೊಂಡಾಗ ಮೂರು ಗಂಟೆ ಕಳೆದಿತ್ತು. ಗುಂಡಿ ಒತ್ತಿದೆ. ಹುಡುಗ ಅದೇ ಮೆಟ್ಟಿಲ ಮೇಲೆ, ಒಂದು ಕಾಲು ಎತ್ತಿಕೊಂಡೇ ನಿಂತಿದ್ದ.

ಅವತ್ತು ಎಷ್ಟು ಹೊತ್ತು ಆಡಿದೆನೋ ಲೆಕ್ಕ ಇಟ್ಟಿಲ್ಲ. ಒಟ್ಟು ಸೇರಿಸಿದರೆ ನಲವತ್ತು ನಿಮಿಷ ಇರಬಹುದು. ಆದರೆ ಯಾವ ಕ್ಷಣದಲ್ಲಿ ಬೇಕಾದರೂ ಬಿಟ್ಟು ಏಳಬಹುದು ಅಂತ ಗೊತ್ತಿದ್ದುದಕ್ಕೇ ಆಡುವ ಮನಸ್ಸು ಬಂತು. ಬಿಡುವು ತುಂಡುತುಂಡಾಗಿ ಸಿಗುವ ಎಲ್ಲರಿಗೂ ಇದು ಅರ್ಥವಾಗುತ್ತದೆ. ಮಗು ಮಲಗಿದೆ, ಯಾವಾಗ ಏಳುತ್ತದೋ ಗೊತ್ತಿಲ್ಲ. ಫೋನ್ ಬರಬೇಕಿದೆ. ಒಲೆ ಮೇಲೆ ಏನೋ ಬೇಯುತ್ತಿದೆ. ಇಂಥ ಹೊತ್ತಲ್ಲಿ ಟಿವಿ ಹಾಕಿ, ಕಂಟ್ರೋಲರ್ ಹುಡುಕಿ, ಅದರ ಚಾರ್ಜ್ ನೋಡಿ, ಅಪ್‌ಡೇಟ್ ಮುಗಿಯಲಿ ಅಂತ ಕಾಯುತ್ತಾ ಕೂರುವವರು ಯಾರು? ಟಿವಿ ಮನೆಮಂದಿಗೆಲ್ಲ ಸೇರಿದ್ದು ಬೇರೆ. ಅದರ ಮುಂದೆ ಕೂತರೆ ಕೋಣೆಯೇ ನಿಮ್ಮದಾಗಬೇಕು. ಹ್ಯಾಂಡ್‌ಹೆಲ್ಡ್‌ಗೆ ಅಂಗೈ ಅಗಲದ ಜಾಗ ಸಾಕು.

ಹಾಗೆ ನಿಲ್ಲಿಸಿದಾಗ ಒಳಗೆ ಏನಾಗುತ್ತದೆ ಅಂತ ಕೇಳಬಹುದು. ಸಾಧನ ಪೂರ್ತಿ ಆರುವುದಿಲ್ಲ, ನಿದ್ದೆಗೆ ಜಾರುತ್ತದೆ. ಪರದೆ, ಪ್ರೊಸೆಸರ್, ಫ್ಯಾನ್ ಎಲ್ಲ ನಿಲ್ಲುತ್ತವೆ. ಮೆಮೊರಿಗೆ ಮಾತ್ರ ಸಣ್ಣಗೆ ಕರೆಂಟ್ ಹರಿಯುತ್ತಿರುತ್ತದೆ. ಆಟ ಯಾವ ಸ್ಥಿತಿಯಲ್ಲಿತ್ತೋ ಅದೆಲ್ಲ ಆ ಮೆಮೊರಿಯಲ್ಲಿ ಹಾಗೆಯೇ ಉಳಿಯುತ್ತದೆ. ಜಪಾನಿನ ನಿಂಟೆಂಡೊ ಕಂಪನಿ 2004ರಲ್ಲಿ ತಂದ ಡಿಎಸ್ ಎಂಬ ಹ್ಯಾಂಡ್‌ಹೆಲ್ಡ್‌ನಲ್ಲಂತೂ ಗುಂಡಿಯೂ ಬೇಡವಾಗಿತ್ತು. ಪುಸ್ತಕ ಮುಚ್ಚಿದ ಹಾಗೆ ಮುಚ್ಚಿದರೆ ನಿದ್ದೆ, ತೆರೆದರೆ ಎಚ್ಚರ. ಈಗಿನ ಮನೆ ಕನ್ಸೋಲ್‌ಗಳೂ ಇದನ್ನು ಕಲಿತಿವೆ, ನಿಜ. ಪ್ಲೇಸ್ಟೇಷನ್ 4ಕ್ಕೆ ಈ ಸೌಲಭ್ಯ 2015ರ ಅಪ್‌ಡೇಟ್‌ನಲ್ಲಿ ಬಂತು. ಆದರೆ ಕನ್ಸೋಲ್ ಎದ್ದರೂ ಟಿವಿ ಏಳಬೇಕು, ನೀವೂ ಎದ್ದು ಅದರ ಮುಂದೆ ಹೋಗಬೇಕು. ಒಂದು ಮಾತು ನೆನಪಿಡಿ: ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡುವ ಆಟಗಳಿಗೆ ಈ ನಿದ್ದೆ ನಡೆಯುವುದಿಲ್ಲ. ನೀವು ಮಲಗಿಸಿದ ಕೂಡಲೇ ಸಂಪರ್ಕ ಕಡಿಯುತ್ತದೆ, ಜೊತೆಯವರು ನಿಮಗಾಗಿ ಕಾಯುವುದಿಲ್ಲ.

ಬಿಡುವಿನ ಈ ಚೂರುಗಳಿಗೆಂದೇ ಹ್ಯಾಂಡ್‌ಹೆಲ್ಡ್ ಹುಟ್ಟಿದ್ದು. ನಿಂಟೆಂಡೊದಲ್ಲಿದ್ದ ಗುನ್‌ಪೇ ಯೊಕೊಯ್ ಒಮ್ಮೆ ರೈಲಿನಲ್ಲಿ ಹೋಗುವಾಗ, ಬೇಜಾರು ಕಳೆಯಲು ಕ್ಯಾಲ್ಕ್ಯುಲೇಟರ್ ಗುಂಡಿ ಒತ್ತುತ್ತಾ ಕೂತಿದ್ದ ಒಬ್ಬರನ್ನು ನೋಡಿದರಂತೆ. ಅಲ್ಲಿಂದ ಹೊಳೆದದ್ದು 1980ರಲ್ಲಿ ಗೇಮ್ ಅಂಡ್ ವಾಚ್ ಆಗಿ ಬಂತು. ಕ್ಯಾಲ್ಕ್ಯುಲೇಟರ್‌ನಲ್ಲಿರುವಂಥದೇ ಪರದೆ, ಗುಂಡಿಯಂಥ ಪುಟ್ಟ ಬ್ಯಾಟರಿ, ಒಂದು ಸಾಧನಕ್ಕೆ ಒಂದೇ ಆಟ. 1982ರಲ್ಲಿ ಆ ಸಾಲಿನ ಡಾಂಕಿ ಕಾಂಗ್‌ಗೆ ಯೊಕೊಯ್ ಒಂದು ಹೊಸದು ಸೇರಿಸಿದರು. ಅದು ಮಡಚುವ ಸಾಧನ, ಪಾತ್ರವನ್ನು ಅತ್ತಿತ್ತ ನಡೆಸುವ ಜಾಯ್‌ಸ್ಟಿಕ್‌ನಂಥ ಎದ್ದು ನಿಲ್ಲುವ ಕೋಲು ಅದರಲ್ಲಿ ಇಡಲಾಗದು. ಅದಕ್ಕೆ ಚಪ್ಪಟೆಯಾದ, ಅಧಿಕ ಚಿಹ್ನೆಯ ಆಕಾರದ ಗುಂಡಿ ಇಟ್ಟರು. ಇವತ್ತು ನಿಮ್ಮ ದೊಡ್ಡ ಕನ್ಸೋಲ್‌ನ ಕಂಟ್ರೋಲರ್ ಕೈಗೆತ್ತಿಕೊಂಡು ನೋಡಿ, ಎಡಗಡೆ ಅದೇ ಗುಂಡಿಯ ವಂಶ ಕೂತಿದೆ. ಸಣ್ಣದಕ್ಕೆ ಅಂತ ಮಾಡಿದ್ದು ದೊಡ್ಡದಕ್ಕೂ ಬೇಕಾಯಿತು.

ಶಕ್ತಿಯ ಮಾತಿಗೆ ಬರೋಣ, ನಿಮ್ಮ ಪ್ರಶ್ನೆಯಲ್ಲಿ ಅದೂ ಇದೆಯಲ್ವಾ. ಈ ಪೈಪೋಟಿ 1989ರಲ್ಲೇ ನಡೆದುಹೋಗಿದೆ. ಆ ವರ್ಷ ಬಂದ ನಿಂಟೆಂಡೊದ ಗೇಮ್ ಬಾಯ್‌ನಲ್ಲಿ ಬಣ್ಣ ಇರಲಿಲ್ಲ. ಹಸಿರು ಛಾಯೆಯ ಪರದೆ ಮೇಲೆ ನಾಲ್ಕೇ ನಾಲ್ಕು ಮಟ್ಟದ ಬೂದು. ಪರದೆಗೆ ಒಳಗಿನ ಬೆಳಕೂ ಇಲ್ಲ, ದೀಪದ ಹತ್ತಿರ ಹೋಗಿ ಓರೆಯಾಗಿ ಹಿಡಿದೇ ಆಡಬೇಕು. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಬಣ್ಣವೂ ಇತ್ತು, ಬೆಳಕೂ ಇತ್ತು. ಮರುವರ್ಷದ ಸೆಗಾ ಗೇಮ್ ಗಿಯರ್‌ಗೂ ಎರಡೂ ಇದ್ದವು. ಕಾಗದದ ಮೇಲೆ ಗೇಮ್ ಬಾಯ್ ಸೋಲಲೇಬೇಕಿತ್ತು. ಆದರೆ ಅವೆರಡೂ ಆರು ಸೆಲ್ ನುಂಗಿ ನಾಲ್ಕೈದು ಗಂಟೆಯಲ್ಲಿ ಕೈ ಚೆಲ್ಲುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆ ದಾಟಿ ಓಡುತ್ತಿತ್ತು. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸಬೇಕು ಅನ್ನುವುದು ಯೊಕೊಯ್ ಅವರ ನಂಬಿಕೆ. ಗೇಮ್ ಬಾಯ್ ಮತ್ತು ಆಮೇಲಿನ ಗೇಮ್ ಬಾಯ್ ಕಲರ್ ಸೇರಿ 11 ಕೋಟಿ 86 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಜೇಬಿನಲ್ಲಿರುವ ಸಾಧನದಲ್ಲಿ ಆಟ ಎಷ್ಟು ಚೆಂದ ಕಾಣುತ್ತದೆ ಅನ್ನುವುದಕ್ಕಿಂತ, ತೆಗೆದಾಗ ಅದು ಜೀವ ಹಿಡಿದುಕೊಂಡಿದೆಯೇ ಅನ್ನುವುದೇ ಮುಖ್ಯವಾಯಿತು.

ಇವತ್ತಿನ ಲೆಕ್ಕವೂ ಅಷ್ಟೇ ಸ್ವಾರಸ್ಯವಾಗಿದೆ. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. ಕಂಪ್ಯೂಟರ್ ಆಟಗಳನ್ನು ಕೈಯಲ್ಲಿ ಹಿಡಿದು ಆಡಿಸುವ, 2022ರಲ್ಲಿ ಬಂದ ಸ್ಟೀಮ್ ಡೆಕ್‌ನ 7 ಇಂಚಿನ ಪರದೆಯಲ್ಲಿ 10 ಲಕ್ಷ ಚಿಲ್ಲರೆ. ಅಂದರೆ ಪುಟ್ಟ ಸಾಧನ ಬಿಡಿಸಬೇಕಾದ ಚುಕ್ಕಿಗಳು ಎಂಟರಲ್ಲಿ ಒಂದು ಪಾಲು. ಆದರೂ ಚಿತ್ರ ಒರಟಾಗಿ ಕಾಣುವುದಿಲ್ಲ. 55 ಇಂಚಿನ 4ಕೆ ಟಿವಿಯಲ್ಲಿ ಒಂದು ಇಂಚಿಗೆ ಸುಮಾರು 80 ಪಿಕ್ಸೆಲ್ ಬಂದರೆ, ಇಲ್ಲಿ ಸುಮಾರು 215. ಹ್ಯಾಂಡ್‌ಹೆಲ್ಡ್ ಅನ್ನು ನಾವು ಹತ್ತಿರದಿಂದ ನೋಡುತ್ತೇವೆ, ಹಾಗಾಗಿ ಈ ಹೋಲಿಕೆಯನ್ನು ಪೂರ್ತಿ ನೇರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೂ ದೊಡ್ಡ ಕನ್ಸೋಲ್ ಭಾರೀ ಆಟದಲ್ಲಿ 200 ವ್ಯಾಟ್ ಆಸುಪಾಸು ಕರೆಂಟ್ ಎಳೆಯುವಾಗ, 15 ವ್ಯಾಟ್ ಮೀರದ ಚಿಪ್ ಒಂದು ಅದೇ ಆಟವನ್ನು ಕೈಯಲ್ಲಿ ಹೇಗೆ ಓಡಿಸುತ್ತದೆ ಅನ್ನುವುದಕ್ಕೆ ದೊಡ್ಡ ಕಾರಣ ಇದೇ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ನೀವೇ ಅಂದಾಜು ಮಾಡಬಹುದು. ಮೊದಲ ಸ್ಟೀಮ್ ಡೆಕ್‌ನ ಬ್ಯಾಟರಿ 40 ವ್ಯಾಟ್ ಅವರ್. ಚಿಪ್, ಪರದೆ, ಫ್ಯಾನ್ ಎಲ್ಲ ಸೇರಿ 20 ವ್ಯಾಟ್ ತಿಂದರೆ ಎರಡು ಗಂಟೆ. ಹಗುರವಾದ ಆಟದಲ್ಲಿ 10 ವ್ಯಾಟ್‌ಗೆ ಇಳಿದರೆ ನಾಲ್ಕು ಗಂಟೆ. ಇಲ್ಲಿ ನಾನು ಎಲ್ಲರಿಗೂ ಹೇಳಿಕೊಡುವ ಒಂದು ಕಿವಿಮಾತಿದೆ. ಸೆಟ್ಟಿಂಗ್ ಇದ್ದರೆ ಆಟವನ್ನು ಸೆಕೆಂಡಿಗೆ 40 ಫ್ರೇಮ್‌ಗೆ ಕಟ್ಟಿಹಾಕಿ, ಪರದೆಯನ್ನೂ 40 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 40 ಸಲ ಚಿತ್ರ ಬದಲಿಸುವ ಮಟ್ಟಕ್ಕೆ, ಇಳಿಸಿ. 30 ಫ್ರೇಮ್‌ನಲ್ಲಿ ಒಂದೊಂದು ಚಿತ್ರ 33 ಮಿಲಿಸೆಕೆಂಡ್ ನಿಲ್ಲುತ್ತದೆ, 60ರಲ್ಲಿ 17ರ ಹತ್ತಿರ. 40ರಲ್ಲಿ 25. ಸಂಖ್ಯೆ ನೋಡಿದರೆ 40 ಅನ್ನುವುದು 30ಕ್ಕೆ ಹತ್ತಿರ ಅನ್ನಿಸುತ್ತದೆ, ಆದರೆ ಕಾಲದ ಲೆಕ್ಕದಲ್ಲಿ ಅದು ಸರಿಯಾಗಿ ನಟ್ಟನಡುವೆ. ಬೆರಳಿಗೆ ಆ ನಯ ಗೊತ್ತಾಗುತ್ತದೆ. ಬ್ಯಾಟರಿಯೂ ಉಳಿಯುತ್ತದೆ, ಫ್ಯಾನ್ ಗೊರಗೊರ ಅನ್ನುವುದೂ ಕಡಿಮೆಯಾಗುತ್ತದೆ.

ಹ್ಯಾಂಡ್‌ಹೆಲ್ಡ್ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಅದರ ತೊಂದರೆ ಮುಚ್ಚಿಡಲಾರೆ. ಮೊದಲನೆಯದು ಅಕ್ಷರ. ಟಿವಿಗೆ ಅಂತ ಬರೆದ ಆಟದಲ್ಲಿ ಮಾತು, ನಕ್ಷೆ, ಚೀಲದ ಸಾಮಾನಿನ ಪಟ್ಟಿ ಎಲ್ಲ 7 ಇಂಚಿಗೆ ಕುಗ್ಗಿದರೆ ಇರುವೆ ಸಾಲಿನ ಹಾಗೆ ಕಾಣುತ್ತದೆ. ಕಣ್ಣು ಕಿರಿದು ಮಾಡಿಕೊಂಡು ಓದಿ ಓದಿ ತಲೆನೋವು ಬರಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಕೊಳ್ಳುವ ಮುಂಚೆ ಅಕ್ಷರ ದೊಡ್ಡದು ಮಾಡುವ ಆಯ್ಕೆ ಆ ಆಟದಲ್ಲಿ ಇದೆಯೇ ಅಂತ ನೋಡಿ. ಎರಡನೆಯದು ತೂಕ. 2017ರ ನಿಂಟೆಂಡೊ ಸ್ವಿಚ್ 400 ಗ್ರಾಂ ಆಸುಪಾಸು, ಮೊದಲ ಸ್ಟೀಮ್ ಡೆಕ್ 669 ಗ್ರಾಂ. ಕೈಗೆ ತೆಗೆದುಕೊಂಡಾಗ ಏನೂ ಅನ್ನಿಸುವುದಿಲ್ಲ, ಮುಕ್ಕಾಲು ಗಂಟೆ ಆದಮೇಲೆ ಮಣಿಕಟ್ಟು ಮಾತಾಡುತ್ತದೆ. ತೊಡೆ ಮೇಲೆ ದಿಂಬಿಟ್ಟು ಅದರ ಮೇಲೆ ಮೊಣಕೈ ಊರಿ. ಕತ್ತು ಬಗ್ಗಿಸುವ ಬದಲು ಸಾಧನವನ್ನೇ ಮೇಲಕ್ಕೆ ತನ್ನಿ. ಇಷ್ಟು ಮಾಡಿದರೆ ಅರ್ಧ ನೋವು ಹೋಗುತ್ತದೆ.

ನಾಲ್ಕು ಜನ ಒಟ್ಟಿಗೆ ಕೂತು ಗಲಾಟೆ ಮಾಡುತ್ತಾ ಆಡುವ ಸಂಭ್ರಮಕ್ಕೆ ಟಿವಿಯೇ ಬೇಕು. ಅದರಲ್ಲಿ ಎರಡು ಮಾತಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಯಾವುದನ್ನು ಇಟ್ಟುಕೊಳ್ಳುವುದು ಅಂತ ತೀರ್ಮಾನಿಸುವ ಮುಂಚೆ ಕಳೆದ ಒಂದು ತಿಂಗಳನ್ನು ನೆನಪು ಮಾಡಿಕೊಳ್ಳಿ. ಎಷ್ಟು ಸಲ ಒಂದೂವರೆ ಗಂಟೆ ಯಾರ ಅಡ್ಡಿಯೂ ಇಲ್ಲದೆ ಟಿವಿ ಮುಂದೆ ಕೂರಲು ಸಿಕ್ಕಿತು? ವಾರಕ್ಕೆ ಎರಡು ಮೂರು ಸಲ ಸಿಕ್ಕಿದ್ದರೆ ಕನ್ಸೋಲ್ ಕೊಡಬೇಡಿ, ಧೂಳು ಒರೆಸಿ. ಒಂದು ಸಲವೂ ಇಲ್ಲ ಅಂದರೆ ಹ್ಯಾಂಡ್‌ಹೆಲ್ಡ್ ಇಟ್ಟುಕೊಳ್ಳಿ, ಮನಸ್ಸಿನಲ್ಲಿ ಅಳುಕು ಬೇಡ. ಎರಡೂ ಬೇಕು ಅನ್ನಿಸಿದರೆ ಸ್ವಿಚ್ ಥರದ್ದು ದಾರಿ ತೋರಿಸುತ್ತದೆ. ಕೈಯಲ್ಲಿ ಆಡಬಹುದು, ಟಿವಿಗೆ ಜೋಡಿಸಿಟ್ಟ ಡಾಕ್ ಎಂಬ ತೊಟ್ಟಿಲಲ್ಲಿ ಇಟ್ಟರೆ ಟಿವಿಯಲ್ಲಿ ಬರುತ್ತದೆ. ಸ್ಟೀಮ್ ಡೆಕ್ ಅನ್ನೂ ಟಿವಿಗೆ ಜೋಡಿಸಬಹುದು. ಆದರೆ 2019ರ ಸ್ವಿಚ್ ಲೈಟ್ ಟಿವಿಗೆ ಹೋಗುವುದಿಲ್ಲ, ಅದು ಕೈಯಲ್ಲಿ ಆಡುವುದಕ್ಕೆ ಮಾತ್ರ. ಹೆಸರು ಒಂದೇ ಥರ ಇದೆ ಅಂತ ಮೋಸ ಹೋಗಬೇಡಿ. 2023ರ ಪ್ಲೇಸ್ಟೇಷನ್ ಪೋರ್ಟಲ್ ಕೂಡ ನೋಡಲು ಹ್ಯಾಂಡ್‌ಹೆಲ್ಡ್, ಆದರೆ ಆಟ ಅದರೊಳಗೆ ಓಡುವುದಿಲ್ಲ, ವೈಫೈ ಮೂಲಕ ಹರಿದು ಬರುತ್ತದೆ. ನೆಟ್ ಇಲ್ಲದ ಕಡೆ ಅದು ಸುಮ್ಮನೆ ಕೂರುತ್ತದೆ.

ಕನ್ಸೋಲ್ ಕೊಟ್ಟುಬಿಡುವುದಾದರೆ ಆತುರ ಬೇಡ. ಒಂದು ಕಂಪನಿಯ ಕನ್ಸೋಲ್‌ನಲ್ಲಿ ಕೊಂಡ ಆಟ ಇನ್ನೊಂದು ಕಂಪನಿಯ ಹ್ಯಾಂಡ್‌ಹೆಲ್ಡ್‌ಗೆ ಸಾಮಾನ್ಯವಾಗಿ ಬರುವುದಿಲ್ಲ. ಡಿಸ್ಕ್‌ನಲ್ಲಿರುವ ಆಟಗಳಂತೂ ಬರುವುದೇ ಇಲ್ಲ. ನೂರು ಗಂಟೆ ಆಡಿ ಉಳಿಸಿಕೊಂಡ ಸೇವ್ ಫೈಲ್ ಇದ್ದರೆ ಮೊದಲು ಕ್ಲೌಡ್‌ಗೆ ಹಾಕಿ, ಬಂದಿದೆಯೇ ಅಂತ ನೋಡಿ, ಆಮೇಲೆ ಕನ್ಸೋಲ್ ಅಳಿಸಿ.

ಹ್ಯಾಂಡ್‌ಹೆಲ್ಡ್ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಎರಡು ಕಡೆ ಕಣ್ಣಿಡಿ. ಒಂದು, ಹೆಬ್ಬೆರಳಿನ ಸ್ಟಿಕ್. ಒಳಗಿನ ಸಂಪರ್ಕದ ಪದರ ಉಜ್ಜಿ ಉಜ್ಜಿ ಸವೆದರೆ, ಕೈ ಬಿಟ್ಟರೂ ಪಾತ್ರ ತಾನೇ ನಡೆಯುತ್ತದೆ. ಆಯಸ್ಕಾಂತ ಬಳಸುವ ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಈ ಉಜ್ಜಾಟ ಇಲ್ಲದ್ದರಿಂದ ಅದು ಜಾಸ್ತಿ ಬಾಳುತ್ತದೆ. ಇನ್ನೊಂದು, ಬ್ಯಾಟರಿ. ಸಾಧನವನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ. ಬೆನ್ನು ಉಬ್ಬಿ ಅಲುಗಾಡಿದರೆ, ಇಲ್ಲ ಪರದೆ ಅಂಚಿನಲ್ಲಿ ಎದ್ದಿದ್ದರೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಇದೆ. ಅಂಥದನ್ನು ಮುಟ್ಟಬೇಡಿ. ನಿಮ್ಮದನ್ನೇ ತಿಂಗಳುಗಟ್ಟಲೆ ಎತ್ತಿಡುವುದಾದರೆ ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ. ಅರ್ಧ ಚಾರ್ಜ್ ಮಾಡಿ, ಆರಿಸಿ, ತಂಪಾದ ಕಡೆ ಇಡಿ. ಕೆಲವು ತಿಂಗಳಿಗೊಮ್ಮೆ ತೆಗೆದು ಸ್ವಲ್ಪ ಚಾರ್ಜ್ ಮಾಡಿ.