ಎಆರ್ ಆ್ಯಪ್‌ಗಳನ್ನು ಪರೀಕ್ಷಿಸುವಾಗ ಏನನ್ನು ನೋಡಬೇಕು?

ಪ್ರಶ್ನೆ: ನಾವು ಪುಣೆಯಲ್ಲಿ ವಿನ್ಯಾಸ ಓದುತ್ತಿರುವ ಕನ್ನಡದ ಹುಡುಗರು. ಇಲ್ಲಿನ ಪಾತಾಳೇಶ್ವರ ಗುಹಾಲಯಕ್ಕೆ ಕನ್ನಡ, ಮರಾಠಿ ಎರಡರಲ್ಲೂ ಎಆರ್ (ಫೋನಿನ ಕ್ಯಾಮೆರಾದಲ್ಲಿ ಕಾಣುವ ನಿಜದೃಶ್ಯದ ಮೇಲೆ ಚಿತ್ರ, ಬರಹಗಳನ್ನು ಕೂಡಿಸಿ ತೋರಿಸುವ ತಂತ್ರ) ಮಾರ್ಗದರ್ಶಿ ಮಾಡಬೇಕೆಂದಿದ್ದೇವೆ. ಮೊದಲು ಈಗಿರುವ ಆ್ಯಪ್‌ಗಳನ್ನು ಪರೀಕ್ಷಿಸಿ ಎಂದರು ನಮ್ಮ ಮೇಡಂ. ಬಳಸಿ ನೋಡಿದೆವು, ಎಲ್ಲವೂ ಚೆನ್ನಾಗಿವೆ. ವರದಿಯಲ್ಲಿ ಬರೆಯುವುದಾದರೂ ಏನನ್ನು?

ಉತ್ತರ: ‘ಚೆನ್ನಾಗಿವೆ’ ಎಂಬುದನ್ನು ಮೊದಲು ಹೊಡೆದುಹಾಕಿ. ಆ್ಯಪ್ ಎಲ್ಲಿ ಕೈಕೊಡುತ್ತದೆ, ಆಗ ಫೋನ್ ಹಿಡಿದವರು ಏನು ಮಾಡುತ್ತಾರೆ ಎಂಬುದೇ ನಿಮ್ಮ ಬಂಡವಾಳ.

ಕ್ಯಾಮೆರಾಕ್ಕೆ ಕಾಣುವ ಮೂಲೆ, ಬಿರುಕು, ಕಲೆಗಳನ್ನು ಗುರುತಿಟ್ಟುಕೊಂಡು, ಚಲನೆಯ ಸಂವೇದಕಗಳ ಲೆಕ್ಕದೊಂದಿಗೆ ತಾಳೆ ಹಾಕಿ ಫೋನು ತಾನಿರುವ ಜಾಗವನ್ನು ತಿಳಿಯುತ್ತದೆ. ಎಆರ್ ಆ್ಯಪ್ ಕಟ್ಟಲು ಬಳಸುವ ಆಪಲ್‌ನ ಎಆರ್‌ಕಿಟ್ (2017), ಗೂಗಲ್‌ನ ಎಆರ್‌ಕೋರ್ (2018) ಎರಡೂ ನಡೆಯುವುದು ಹೀಗೆಯೇ. ಹೊಳೆಯುವ ನೆಲ, ಬರಿಯ ಬಿಳಿ ಗೋಡೆ, ಮಬ್ಬುಗತ್ತಲೆ ಎದುರಾದರೆ ಗುರುತು ತಪ್ಪಿ, ಇಟ್ಟ ವಸ್ತು ಜಾರತೊಡಗುತ್ತದೆ. ಆದ್ದರಿಂದ ಪರೀಕ್ಷೆಯನ್ನು ಕಾಲೇಜಿನ ಕೋಣೆಯಲ್ಲೇ ಮುಗಿಸಬೇಡಿ.

ಪಾತಾಳೇಶ್ವರ 8ನೆಯ ಶತಮಾನದ, ರಾಷ್ಟ್ರಕೂಟರ ಕಾಲದ ಗುಹೆ. ಅಂಗಳದ ದುಂಡನೆಯ ನಂದಿಮಂಟಪ ಬಿಸಿಲಿನಲ್ಲಿದೆ. ಒಳಗೆ ಹೋದರೆ ಮಬ್ಬು, ಒಂದೇ ಅಚ್ಚಿನಂತಹ ಚೌಕ ಕಂಬಗಳ ಸಾಲು. ಯಾವ ಕಂಬ ಯಾವುದೆಂದು ಫೋನು ಗಲಿಬಿಲಿಗೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಪೀಠೋಪಕರಣ ತೋರಿಸುವ ಆ್ಯಪ್ ಒಂದನ್ನು ತೆರೆದು ಮಂಟಪದ ಬಳಿ ಕುರ್ಚಿಯೊಂದನ್ನು ಇಡಿ (ಕಾವಲುಗಾರರಿಗೆ ಅದು ಕಾಣುವುದಿಲ್ಲ, ಹೆದರಬೇಡಿ). ಸುತ್ತು ಹಾಕಿ, ಒಳಗೆ ಹೋಗಿ, ಮರಳಿ ಬನ್ನಿ. ಕುರ್ಚಿ ಅಲ್ಲೇ ಇದೆಯೇ? ಅದರ ಮುಂದೆ ಯಾರಾದರೂ ಹಾದುಹೋದರೆ ಮರೆಯಾಗುತ್ತದೆಯೇ, ಅವರ ಮೈಮೇಲೆಯೇ ತೇಲುತ್ತದೆಯೇ?

ಇನ್ನು ಮನುಷ್ಯರ ಪರೀಕ್ಷೆ. ಎಆರ್ ಕಂಡೇ ಇರದ ಒಬ್ಬರ ಕೈಗೆ ಫೋನ್ ಕೊಟ್ಟು, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಲು ಕೇಳಿಕೊಳ್ಳಿ. ನೀವು ಮಾತ್ರ ಬಾಯಿ ಬಿಡಬಾರದು. ವಿದ್ಯಾರ್ಥಿಗಳಿಗೆ ಇದೇ ಅತಿ ಕಷ್ಟ. ಪರದೆಯನ್ನು ಬಿಟ್ಟು ತೋಳನ್ನೂ ಪಾದಗಳನ್ನೂ ಗಮನಿಸಿ. ತೋಳು ಯಾವಾಗ ಸೋತು ಇಳಿಯಿತು? ಮೆಟ್ಟಿಲಲ್ಲಿ ಎಡವಿದರೇ? ಕ್ಯಾಮೆರಾ ದೃಶ್ಯದ ಮೇಲೆಯೇ ದಾರಿಯ ಬಾಣ ತೋರಿಸುವ ಗೂಗಲ್ ಮ್ಯಾಪ್ಸ್‌ನ ಲೈವ್ ವ್ಯೂ ಕೂಡ ನಡೆಯುವಾಗ ಫೋನ್ ಕೆಳಗಿಳಿಸಲು ಹೇಳುತ್ತದೆ. ಪೂಜೆಗೆ ಬಂದವರ ಕಡೆಗಂತೂ ಕ್ಯಾಮೆರಾ ತಿರುಗಿಸಬೇಡಿ.

2016ರಲ್ಲಿ ಬಂದ, ಫೋನ್ ಹಿಡಿದು ಓಡಾಡುತ್ತಾ ಪೋಕೆಮಾನ್ ಪ್ರಾಣಿಗಳನ್ನು ಹಿಡಿಯುವ ಪೋಕೆಮಾನ್ ಗೋ ಆಟವನ್ನೂ ನೋಡಿ. ಬ್ಯಾಟರಿ ಉಳಿಯುತ್ತದೆ, ಹಿಡಿಯುವುದು ಸುಲಭ ಎಂದು ಬಹಳ ಜನ ಅದರ ಎಆರ್ ಅನ್ನೇ ಆಫ್ ಮಾಡಿ ಆಡಿದರು. ನಿಮ್ಮ ಮಾರ್ಗದರ್ಶಿಯ ಪ್ರತಿ ದೃಶ್ಯಕ್ಕೂ ಇದೇ ಪ್ರಶ್ನೆ ಹಾಕಿ: ಕಿವಿಗೆ ಕೇಳುವ ಎರಡು ಮಾತು ಸಾಲದೇ? ಸಾಲುವುದಾದರೆ ಆ ದೃಶ್ಯವನ್ನು ಕೈಬಿಡಿ.

ಕೋಡ್ ಬರೆಯುವ ಮೊದಲು ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಪಾರದರ್ಶಕ ಹಾಳೆಗಳನ್ನು ತನ್ನಿ. ಚಿತ್ರವನ್ನು ಮಾರ್ಕರ್‌ನಲ್ಲಿ ಬರೆದು ಕಂಬದ ಮುಂದೆ ಹಿಡಿದು ತೋರಿಸಿ; ಅಕ್ಷರ ಎಷ್ಟು ದಪ್ಪವಿರಬೇಕು, ಕಪ್ಪುಕಲ್ಲಿನ ಮೇಲೆ ಯಾವ ಬಣ್ಣ ಏಳುತ್ತದೆ ಎಂಬುದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಆಟ, ಎಆರ್ ಆ್ಯಪ್‌ಗಳನ್ನು ಕಟ್ಟುವ ಯೂನಿಟಿ ತಂತ್ರಾಂಶ ಬಳಸುವಿರಾದರೆ ‘ರಾಷ್ಟ್ರಕೂಟ’ ಎಂದು ಬರೆಸಿ ನೋಡಿ. ಅದರಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುವುದುಂಟು. ಹಾಗಾದರೆ ಶೀರ್ಷಿಕೆಗಳನ್ನು ಚಿತ್ರವಾಗಿ ಉಳಿಸಿ ಸೇರಿಸಿ.