ಲಿಂಗಾನುಪಾತವನ್ನು ಓದುವ ಬಗೆ: ಬೆಂಗಳೂರಿನ 916, ಉಡುಪಿಯ 1094

ಲಿಂಗಾನುಪಾತದ, ಅಂದರೆ ಗಂಡಸರಿಗೆ ಹೋಲಿಸಿದರೆ ಹೆಂಗಸರು ಎಷ್ಟು ಎಂಬುದರ, ಪ್ರಶ್ನೆ ಬಂದೊಡನೆ ಒಂದು ಅಂಕಿಯನ್ನು ಬರೆದು, ಅದು ಸಾವಿರಕ್ಕಿಂತ ಕಡಿಮೆಯಿದ್ದರೆ ಹೆಣ್ಣುಭ್ರೂಣ ಹತ್ಯೆಯೇ ಕಾರಣವೆಂದು ಉತ್ತರ ಮುಗಿಸುವ ರೂಢಿ ನಮ್ಮಲ್ಲಿದೆ. ಆದರೆ ಒಟ್ಟು ಜನಸಂಖ್ಯೆಯ ಲಿಂಗಾನುಪಾತದಲ್ಲಿ ಜನನ, ಮರಣ ಮತ್ತು ವಲಸೆ ಎಂಬ ಮೂರು ಸಂಗತಿಗಳು ಬೆರೆತಿರುತ್ತವೆ. ಇವುಗಳಲ್ಲಿ ಯಾವುದರ ಪ್ರಭಾವ ಎಷ್ಟು ಎಂಬುದು ಆ ಒಂದು ಅಂಕಿಯಿಂದ ತಿಳಿಯುವುದಿಲ್ಲ.

ಮೊದಲು ಅಳತೆಯ ಕ್ರಮ. ಭಾರತದ ಜನಗಣತಿಯಲ್ಲಿ ಪ್ರತಿ 1000 ಪುರುಷರಿಗೆ ಎಷ್ಟು ಮಹಿಳೆಯರು ಎಂದು ಲೆಕ್ಕ ಹಾಕಲಾಗುತ್ತದೆ. ವಿಶ್ವಸಂಸ್ಥೆಯ ಕೋಷ್ಟಕಗಳಲ್ಲಿ ಪ್ರತಿ 100 ಮಹಿಳೆಯರಿಗೆ ಎಷ್ಟು ಪುರುಷರು ಎಂದಿರುತ್ತದೆ. ಹೀಗಾಗಿ ಅಲ್ಲಿನ 105 ನಮ್ಮ ಲೆಕ್ಕದಲ್ಲಿ ಸುಮಾರು 952 ಆಗುತ್ತದೆ.

ಈ 105 ಎಂಬುದು ಯಾವ ಹಸ್ತಕ್ಷೇಪವೂ ಇಲ್ಲದಾಗ ಮನುಷ್ಯರಲ್ಲಿ ಸಾಮಾನ್ಯವಾಗಿ ಕಂಡುಬರುವ ಜನನ ಲಿಂಗಾನುಪಾತ. ಲಂಡನ್ನಿನ ಜಾನ್ ಗ್ರಾಂಟ್ 1662ರಷ್ಟು ಹಿಂದೆಯೇ ಚರ್ಚಿನ ದಾಖಲೆಗಳನ್ನು ಎಣಿಸಿ, ಗಂಡುಮಕ್ಕಳ ಜನನವೇ ತುಸು ಹೆಚ್ಚೆಂದು ತೋರಿಸಿದ್ದರು. ಆದರೆ ಶೈಶವದಲ್ಲಿಯೂ ಮುಂದಿನ ವಯಸ್ಸಿನಲ್ಲಿಯೂ ಗಂಡಸರ ಮರಣ ಪ್ರಮಾಣ ಸಹಜವಾಗಿ ಹೆಚ್ಚಿರುವುದರಿಂದ ಈ ಅಂತರ ಕ್ರಮೇಣ ಕರಗಿ, ವೃದ್ಧಾಪ್ಯದಲ್ಲಿ ಮಹಿಳೆಯರ ಸಂಖ್ಯೆಯೇ ಮೇಲಾಗುತ್ತದೆ. ಆದ್ದರಿಂದ ಹುಟ್ಟಿನಲ್ಲಿ 952 ಇರುವುದು ಆತಂಕದ ಸಂಗತಿಯಲ್ಲ. ಎಲ್ಲ ವಯಸ್ಸಿನವರನ್ನು ಸೇರಿಸಿದ ಮೇಲೂ ಅನುಪಾತ ಅದಕ್ಕಿಂತ ಕೆಳಗಿದ್ದರೆ ಕಾರಣ ಹುಡುಕಬೇಕು.

ಈಗ ನಮ್ಮ ಊರಿನ ಲೆಕ್ಕವನ್ನೇ ಮಾಡಿ ನೋಡೋಣ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ 50,22,661 ಪುರುಷರೂ 45,98,890 ಮಹಿಳೆಯರೂ ಇದ್ದರು. ಮಹಿಳೆಯರ ಸಂಖ್ಯೆಯನ್ನು ಪುರುಷರ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 916 ಬರುತ್ತದೆ. ರಾಜ್ಯದ ಸರಾಸರಿ 973. ಇಷ್ಟನ್ನೇ ಕಂಡವರು ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ಸ್ಥಿತಿ ಅತ್ಯಂತ ಶೋಚನೀಯವೆಂದು ತೀರ್ಮಾನಿಸಿಯಾರು. ಆದರೆ ಆರು ವರ್ಷದವರೆಗಿನ ಮಕ್ಕಳ ಅನುಪಾತ ಇದೇ ಜಿಲ್ಲೆಯಲ್ಲಿ 944 ಇದ್ದು, ರಾಜ್ಯದ 948ಕ್ಕೆ ಬಹಳ ಹತ್ತಿರದಲ್ಲಿದೆ. ಅಂದರೆ ದೊಡ್ಡ ಅಂತರ ಹುಟ್ಟುವುದು ವಯಸ್ಕರಲ್ಲಿ. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಪೀಣ್ಯದ ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಸೇರಿಕೊಂಡು ಬಾಳುವ ಕಾರ್ಮಿಕರು, ಕಟ್ಟಡ ಕೆಲಸದ ಶೆಡ್ಡುಗಳಲ್ಲಿರುವವರು, ಪಿಜಿಗಳಲ್ಲಿರುವ ಹುಡುಗರು ಇವರೆಲ್ಲ ಈ ಲೆಕ್ಕದೊಳಗೆ ಬರುತ್ತಾರೆ. (ಗಾರ್ಮೆಂಟ್ಸ್ ಕೆಲಸಕ್ಕಾಗಿ ಬಂದ ಮಹಿಳೆಯರು ಇಲ್ಲದಿದ್ದರೆ ಈ ಅಂಕಿ ಇನ್ನೂ ಕೆಳಗಿರುತ್ತಿತ್ತು.) ಇದರ ಮತ್ತೊಂದು ಮುಖ ಉಡುಪಿಯ 1094: ಅಲ್ಲಿನ ಗಂಡಸರು ದುಡಿಮೆಗಾಗಿ ಮುಂಬೈಗೋ ಕೊಲ್ಲಿ ರಾಷ್ಟ್ರಗಳಿಗೋ ನಮ್ಮ ಬೆಂಗಳೂರಿಗೋ ಹೋಗಿರುತ್ತಾರೆ. ಆದ್ದರಿಂದ ಉಡುಪಿಯ ಅಂಕಿಯನ್ನು ಮಹಿಳಾ ಸಬಲೀಕರಣದ ಫಲವೆಂದಷ್ಟೇ ಬರೆಯುವುದು ಅರೆ ಉತ್ತರ.

ವಲಸೆಯ ಪ್ರಭಾವ ತೀರ ಕಡಿಮೆಯಿರುವ ಅಳತೆ ಮಕ್ಕಳ ಲಿಂಗಾನುಪಾತ. ದೇಶದ ಒಟ್ಟು ಅನುಪಾತ 1991ರಲ್ಲಿ 927, 2001ರಲ್ಲಿ 933, 2011ರಲ್ಲಿ 943 ಎಂದು ಏರುತ್ತ ಬಂದರೆ, ಅದೇ ಅವಧಿಯಲ್ಲಿ ಮಕ್ಕಳ ಅನುಪಾತ 945ರಿಂದ 927ಕ್ಕೆ, ಅಲ್ಲಿಂದ 920ಕ್ಕಿಂತಲೂ ಕೆಳಗೆ ಇಳಿಯಿತು. ಮಹಿಳೆಯರ ಆಯುಷ್ಯ ಹೆಚ್ಚಿದ್ದರಿಂದ ಒಟ್ಟು ಅಂಕಿ ಸುಧಾರಿಸಿದಂತೆ ಕಂಡಿತು. ಸ್ಕ್ಯಾನಿಂಗ್ ಯಂತ್ರದ ದುರ್ಬಳಕೆ ಮಕ್ಕಳ ಅಂಕಿಯನ್ನು ಕೆಳಗಿಳಿಸಿತು. ಇದನ್ನು ತಡೆಯಲೆಂದೇ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಬಂದಿತು, 2003ರಲ್ಲಿ ತಿದ್ದುಪಡಿಯಾಗಿ ಗರ್ಭಧಾರಣೆಗೆ ಮುಂಚಿನ ಲಿಂಗ ಆಯ್ಕೆಯನ್ನೂ ನಿಷೇಧಿಸಿತು. ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕವನ್ನು ಕನ್ನಡದಲ್ಲಿಯೂ ಹಾಕಿರುವುದು ಈ ಕಾನೂನಿನ ಕಾರಣದಿಂದ.

ಕೊನೆಯದಾಗಿ, 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 1020 ಎಂಬ ಅಂಕಿಯನ್ನು ಜನಗಣತಿಯ 943ರ ಪಕ್ಕದಲ್ಲಿಟ್ಟು ಹತ್ತು ವರ್ಷಗಳಲ್ಲಿ ಭಾರಿ ಸುಧಾರಣೆಯಾಯಿತೆಂದು ಬರೆಯಬಾರದು. ಅದು ಮಾದರಿ ಸಮೀಕ್ಷೆ. ಹಿಂದಿನ ರಾತ್ರಿ ಮನೆಯಲ್ಲಿ ತಂಗಿದ್ದವರನ್ನು ಎಣಿಸುತ್ತದೆಯೇ ಹೊರತು ಹಾಸ್ಟೆಲ್‌ಗಳಂಥ ವಾಸಸ್ಥಾನಗಳಿಗೆ ಹೋಗುವುದಿಲ್ಲ, ಹಾಗಾಗಿ ದುಡಿಯಲು ಹೊರಗೆ ಹೋದ ಗಂಡಸರು ಅನೇಕರು ಅದರ ಲೆಕ್ಕದಿಂದ ತಪ್ಪಿಹೋಗುತ್ತಾರೆ. ಅದೇ ಸಮೀಕ್ಷೆ ಅದರ ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳಿಗೆ ಕೊಟ್ಟ ಅನುಪಾತ 929. ಇದನ್ನು ಹೋಲಿಸಬೇಕಾದದ್ದು ಸಹಜವಾದ 952ರೊಂದಿಗೆ.